ಎಡ ಭುಜ ಅರ್ಧ ಇಂಚು

ಎದೆ ಮೂವತ್ತೆಂಟು. ಸೊಂಟ ಮೂವತ್ತು. ತೋಳು ಇಪ್ಪತ್ತೈದೂವರೆ.
ಎಡ ಭುಜ ಅರ್ಧ ಇಂಚು ಕೆಳಗೆ.
ಹಳೆಯ ಅಳತೆ ಪುಸ್ತಕದ ಆ ಪುಟಕ್ಕೆ
ಇನ್ನೂ ನೀಲಿ ಸೀಮೆಸುಣ್ಣ ಮೆತ್ತಿಕೊಂಡಿದೆ.
ಹೆಸರು: ಕೆಲ್ವೆ ಸಾಹೇಬ, ಸಿನಿಮಾದವ.
ಬಾಕಿ: ಹನ್ನೊಂದು ರೂಪಾಯಿ, ಹಿತ್ತಾಳೆ ಗುಂಡಿಯ ಬಾಬ್ತು.

ಕಾಜುಬಾಗದ ನನ್ನ ಅಂಗಡಿಗೆ ಅವನು ಬಂದದ್ದು
ಎಂಬತ್ತೊಂದರ ಮಾರ್ಚಿನಲ್ಲಿ,
ಆಗಷ್ಟೇ ಬಲೆಯಿಂದ ಬಿಡಿಸಿದ ಬಾಂಗಡೆಯ ಹಾಗೆ ಬೆವರಿ ಹೊಳೆಯುತ್ತ.
ಬೊಂಬಾಯಿಯಿಂದ ತಂದ ಕಲೆಕ್ಟರನ ಕೋಟು
ಬೇರೆ ಯಾರದೋ ಮೈಗೆ ಹೊಲಿದದ್ದು.
"ಇನಾಸ್, ಬೆಳಗಾಗುವುದರೊಳಗೆ ಸರಿ ಮಾಡು," ಎಂದ ಮ್ಯಾನೇಜರು.

ಟೇಪು ಹಿಡಿದಾಗಲೇ ತಿಳಿಯಿತು.
ಇದೇನು ಎಂದು ಬೆರಳಲ್ಲೇ ಕೇಳಿದೆ.
ಅವನು ನಕ್ಕು, ಮೂಲೆಯ ಗಜಕೋಲು ಎತ್ತಿ
ಎಡ ಹೆಗಲಿಗಿಟ್ಟು ನೆಟ್ಟಗೆ ನಿಂತ.
ಏಳು ವರ್ಷ ನಾಟಕದಲ್ಲಿ ಭರ್ಜಿ ಹೊತ್ತವನಂತೆ.
ರಾಜರು ಬದಲಾಗುತ್ತಿದ್ದರಂತೆ, ಭರ್ಜಿ ಅದೇ.
ಆಡುವುದು ಒಂದೇ ಮಾತು: "ಅವರು ಬಂದರು, ಪ್ರಭು."
ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ.
ಆದರೂ ಕನ್ನಡಿಯ ಮುಂದೆ ಅದನ್ನು ಅವನು
ಮೂರು ಬಗೆಯಲ್ಲಿ ಹೇಳಿ ತೋರಿಸಿದ.
ಮೂರನೆಯದಕ್ಕೆ ನಾನು
ಬಾಗಿಲ ಕಡೆ ತಿರುಗಿ ನೋಡಿದೆ.

ಎಡಕ್ಕೆ ಅರ್ಧ ಇಂಚು ಹತ್ತಿ ತುಂಬಿದೆ, ಮೇಲೊಂದು ಕ್ಯಾನ್ವಾಸಿನ ಪದರ.
ಸದಾಶಿವಗಡದ ಕೆಳಗೆ, ಕಾಳಿ ಸಮುದ್ರಕ್ಕೆ ಸೇರುವಲ್ಲಿ,
ಗುಂಡು ತಾಗಿ ದೋಣಿಯಿಂದ ನಾಲ್ಕು ಸಲ ಬಿದ್ದ.
ನಾಲ್ಕು ರಾತ್ರಿ ನಾನು ಇದ್ದಿಲ ಇಸ್ತ್ರಿಯಲ್ಲಿ
ಉಪ್ಪುನೀರು ಕುಡಿದ ಆ ಕೋಟನ್ನು ಬದುಕಿಸಿದೆ.
ಸಿನಿಮಾ ಕಾರವಾರಕ್ಕೆ ಬರಲೇ ಇಲ್ಲ.
ಮಡಗಾಂವಿಗೆ ಹೋಗಿ ನೋಡಿದರೆ ಅರ್ಧ ನಿಮಿಷ,
ಅದೂ ಬೆನ್ನು ಮಾತ್ರ.
ಒಳ್ಳೆಯ ಬೆನ್ನು. ಒಂದು ಸುಕ್ಕಿಲ್ಲ.

ಆಮೇಲೆ ಹಡಗಿನ ಭಾವ ಪೆದ್ರು
ರಜೆಗೆ ಬಂದಾಗೆಲ್ಲ ಟಿವಿ ನಾಟಕಗಳ ಕ್ಯಾಸೆಟ್ಟು ತಂದ.
ಅದರಲ್ಲಿ ಇವನು ಚಹಾ ತರುವ ಬಟ್ಲರು,
ಹೆಣದ ಪಕ್ಕ ತಲೆಯಾಡಿಸುವ ಡಾಕ್ಟರು,
ಎರಡನೇ ಅಂಕಕ್ಕೇ ಸಾಯುವ ಪಾದ್ರಿ.
ಆರು ವರ್ಷ ದೊಡ್ಡ ಪೊಲೀಸಿನ ಹಿಂದೆ ಸಣ್ಣ ಪೊಲೀಸು.
ಎಲ್ಲೂ ಹತ್ತಿ ಇಲ್ಲ! ಭುಜ ಹಾಗೇ ಜಾರಿದೆ.
ವಿಲಾಯತಿಯ ದರ್ಜಿಗಳಿಗೆ ಕಣ್ಣಿರಲಿಲ್ಲವೇ?
ಪುಟದಲ್ಲಿ ಪೆನ್ಸಿಲಿನಿಂದ ಬರೆಯುತ್ತ ಹೋದೆ, ಕಣ್ಣಳತೆಯಲ್ಲಿ:
ಸೊಂಟ ಮೂವತ್ತನಾಲ್ಕು. ಮೂವತ್ತೆಂಟು. ನಲವತ್ತೊಂದು.
ಗಿರಾಕಿ ಬರಲಿಲ್ಲ, ಅಳತೆ ಬೆಳೆಯಿತು.
"ಹನ್ನೊಂದು ರೂಪಾಯಿಗೆ ಇಷ್ಟು ವರ್ಷ
ಒಬ್ಬನ ಬೆನ್ನು ಹತ್ತುವವರುಂಟಾ?" ಎಂದಳು ರೊಸಾಲಿನ್.

ಮೊನ್ನೆ ಕಾಜಾ ಹಾಕುವ ಮಂಗಲಾ ಹರಿಕಂತ್ರ
ಮೊಬೈಲಿನಲ್ಲಿ ಹುಡುಕಿಕೊಟ್ಟಳು.
ರಂಗದ ಮೇಲೆ ಅವನು ರಾಜ. ಕೊನೆಗೂ.
ಉದ್ದ ಬಿಳಿ ಅಂಗಿ, ಗುಂಡಿಯಿಲ್ಲದ್ದು.
ಭುಜ ಒಂದೂವರೆ ಇಂಚು ಕೆಳಗೆ.
ಕೈ ತಾನಾಗಿ ಹತ್ತಿಯ ಡಬ್ಬಕ್ಕೆ ಹೋಯಿತು.
ತಡೆದೆ.
ಮೊದಲ ಅಂಕದಲ್ಲಿ ಅದು ಸಮ ಇತ್ತು.
ಕಿರೀಟ ಹೋದಾಗ ಸ್ವಲ್ಪ ಇಳಿಸಿದ,
ಮಗಳು ಹೋದಾಗ ಇನ್ನಷ್ಟು.
ಆ ಕುಂದನ್ನು ಅವನು ಇಷ್ಟು ವರ್ಷ
ಗಂಟು ಕಟ್ಟಿ ಇಟ್ಟುಕೊಂಡಿದ್ದ.

ಆಗ ಒಬ್ಬ ಹುಡುಗ ಬಂದ, ಎಡ ಹೆಗಲಲ್ಲಿ ಭರ್ಜಿ.
ಹೇಳಬೇಕಾದ ಒಂದು ಮಾತು ಹೇಳಿದ.
ಮುದುಕ ಹೊರಡುತ್ತ, ಅವನ ಪಕ್ಕ ನಿಂತು,
ಆ ಭರ್ಜಿಯನ್ನೆತ್ತಿ
ಬಲ ಹೆಗಲಿಗೆ ಇಟ್ಟು ಹೋದ.

"ಅದು ನಾಟಕದಲ್ಲೇ ಇದ್ದದ್ದಾ ಇನಾಸಬಾಬ್,
ಇವರೇ ಮಾಡಿದ್ದಾ?" ಮಂಗಲಾ ಕೇಳಿದಳು,
ಹಲ್ಲಿನಲ್ಲಿ ದಾರ ಕತ್ತರಿಸುತ್ತ.
ನನಗೇನು ಗೊತ್ತು.
ಪುಟದಲ್ಲಿ ಜಾಗ ಉಳಿದಿರಲಿಲ್ಲ.
ಅಂಚಿನಲ್ಲಿ ಬರೆದೆ: ಆಲ್ಟ್ರೇಶನ್ ಬೇಡ.
ಹನ್ನೊಂದು ರೂಪಾಯಿ ಮಾತ್ರ
ಬಾಕಿಯೇ.